ನೋವು ತಿನ್ನುವವಳ ಪಕ್ಕದಲ್ಲಿ

ಕುಣಿಗಲ್‌ನಲ್ಲಿ ಸಿದ್ದಗಂಗಮ್ಮನವರ ಮನೆಯ ಹಿಂದೆ, ಬೆಳಕು ಹರಿಯುವಾಗ, ಕುದುರೆಗಳ ಗೊರಸಿನ ಸದ್ದು ಕೇಳುತ್ತದೆ. ಊರಿನ ಕುದುರೆ ಫಾರಂನವರು ಅವನ್ನು ಅಡ್ಡಾಡಿಸುವ ಹೊತ್ತು ಅದು. ಆ ಸದ್ದಿಗೇ ಎದ್ದು, ಬಿಳಿ ಸೀರೆ ಉಟ್ಟು ಅವರು ಹೆರಿಗೆ ವಾರ್ಡಿಗೆ ಹೊರಡುತ್ತಾರೆ.

ಚೇಳೂರಿನ ಈ ಹುಡುಗಿ ತುಮಕೂರಿನಲ್ಲಿ ನರ್ಸಿಂಗ್ ಓದಲು ಸೇರಿದ್ದು ತೊಂಬತ್ತೇಳರಲ್ಲಿ. ಎರಡನೆಯ ವರ್ಷ, ಹೆರಿಗೆ ವಾರ್ಡಿನಲ್ಲಿ ಅವಳ ಕೈಗೆ ಬಂದ ಮಗುವೊಂದು ಅಳಲೇ ಇಲ್ಲ. ತಪ್ಪು ಯಾರದೂ ಅಲ್ಲವೆಂದು ಡಾಕ್ಟರೇ ಹೇಳಿದರು. ಆದರೂ ಅವಳಿಗೆ ಊಟ ಸೇರದಾಯಿತು, ನಿದ್ದೆ ಹತ್ತದಾಯಿತು.

"ಮುದ್ದೆ ಮೇಲೆ ಯಾಕೇ ಮುನಿಸು? ಗಂಡು ನೋಡೋಕೆ ಬರ್ತಾವ್ನಾ?" ಎಂದು ಮೆಸ್ಸಿನಲ್ಲಿ ಹುಡುಗಿಯರು ರೇಗಿಸಿದರು. ಅವಳೂ ನಕ್ಕಳು. ಆ ವಾರವೇ ತನ್ನ ಹೊಸ ಸ್ವೆಟರನ್ನು, ಇನ್ನು ತನಗೆ ಬೇಡವೆಂದು, ಹಾಸ್ಟೆಲ್ ಕೋಣೆಯ ಜೊತೆಗಾತಿಗೆ ಕೊಟ್ಟುಬಿಟ್ಟಳು.

ಪಾಠ ಹೇಳುತ್ತಿದ್ದ ಓಬಳಮ್ಮ ಸಿಸ್ಟರ್ ಕಣ್ಣಿಗೆ ಅದು ಬಿತ್ತು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೆರಿಗೆಗೆ ಬಂದವರನ್ನು ಕೇಳುವ ಪ್ರಶ್ನೆಗಳನ್ನೇ ಕೇಳಿದರು. ನೋವು ಯಾವಾಗ ಶುರುವಾಯಿತು, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ನಡುವೆ ಬಿಡುವು ಇದೆಯೇ. ಆಮೇಲೆ ಅದೇ ದನಿಯಲ್ಲಿ, "ಸಾಯ್ಬೇಕು ಅನ್ನಿಸ್ತದಾ?" ಎಂದರು.

"ಅನ್ನಿಸ್ತದೆ ಸಿಸ್ಟರ್."

"ಹೇಳಿದ್ಯಲ್ಲ, ಒಳ್ಳೇದಾಯ್ತು. ನೋವು ತಿನ್ನೋಳನ್ನ ಒಬ್ಳನ್ನೇ ಬುಡಬಾರ್ದು ಅಂತ ಪರೀಕ್ಷೇಲಿ ಬರ್ದೋಳು ನೀನೇ ಅಲ್ವೇನೇ? ಈಗ ಮಲಗೋಳು ನೀನು, ಪಕ್ಕ ಕೂರೋರು ನಾವು."

ಅಂದೇ ಮನೋವೈದ್ಯರಿಗೆ ತೋರಿಸಿದರು. ಊರಿಂದ ಅವ್ವನನ್ನು ಕರೆಸಿದರು. ಮಾತ್ರೆ ಹಿಡಿಯಲು ಸಮಯ ಬೇಕಾಯಿತು. ಅಲ್ಲಿಯವರೆಗೆ, ರೇಗಿಸಿದ ಹುಡುಗಿಯರೇ ವಾರ್ಡ್ ಡ್ಯೂಟಿಯಂತೆ ಸರದಿ ಹಾಕಿಕೊಂಡು ಜೊತೆಗಿದ್ದರು, ತಲೆ ಬಾಚಿದರು, ಗಂಜಿ ಕುಡಿಸಿದರು. ಸ್ವೆಟರ್ ವಾಪಸ್ಸು ಬಂತು.

ಮಳೆಗಾಲ ಕಳೆದ ಮೇಲೆ ಅವಳು ಮತ್ತೆ ಹೆರಿಗೆ ವಾರ್ಡಿಗೆ ಹೋದಳು. ಗೂಳೂರಿನ ಹೆಂಗಸೊಬ್ಬಳ ಮಗು ಅವಳ ಕೈಯಲ್ಲಿ ವರಾಂಡಕ್ಕೆಲ್ಲ ಕೇಳುವಂತೆ ಅತ್ತಿತು. ಹೊರಗಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ಗದ್ದಲವೆಂದರೆ ಸಿಡಿಮಿಡಿಗೊಳ್ಳುವ ಓಬಳಮ್ಮ ಅಂದು ಗದರಲಿಲ್ಲ.

ಈಗ ಎರಡು ಸಾವಿರದ ಏಳು. ಸಿದ್ದಗಂಗಮ್ಮನವರ ಕೈಯಲ್ಲಿ ಹುಟ್ಟಿದ ಮಕ್ಕಳು ಕುಣಿಗಲ್‌ನ ಬೀದಿಗಳಲ್ಲಿ ಓಡಾಡುತ್ತಿವೆ. ತರಬೇತಿಗೆ ಬರುವ ಹುಡುಗಿಯರಿಗೆ ಮೊದಲ ದಿನವೇ, ಸಾಯಬೇಕು ಅನ್ನಿಸುತ್ತದೆಯೇ ಎಂಬ ಆ ಪ್ರಶ್ನೆಯನ್ನು ಒಬ್ಬರನ್ನೊಬ್ಬರು ಕೇಳುವುದನ್ನು ಅವರು ಕಲಿಸುತ್ತಾರೆ. ನಾಚಿದರೆ ಮತ್ತೊಮ್ಮೆ ಕೇಳಿಸುತ್ತಾರೆ.

ಮೊನ್ನೆ ಆಸ್ಪತ್ರೆಯ ಹೊಂಗೆ ಮರದಡಿ ಊಟದ ಡಬ್ಬಿ ತೆರೆಯುತ್ತ ನನಗೆ ಇದನ್ನೆಲ್ಲ ಹೇಳುತ್ತಿದ್ದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ, ಡಬ್ಬಿಯ ಮುಚ್ಚಳ ತೆಗೆಯದೆ ಒಬ್ಬಳೇ ಕೂತಿದ್ದ, ತರಬೇತಿಗೆ ಬಂದ ಹೊಸ ಹುಡುಗಿಯೊಬ್ಬಳು ಕಂಡಳು.

"ಅವತ್ತು ಅವ್ರು ಕೇಳ್ದೆ ಹೋಗಿದ್ರೆ ನಾನು..." ಎನ್ನುತ್ತಲೇ ಸಿದ್ದಗಂಗಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಅವಳ ಕಡೆ ನಡೆದರು.