ಅಟ್ಟ ಇಳಿಸುವ ಮಾತು

ನಾನು ಶಾಲೆ ಬಿಟ್ಟದ್ದು ೧೯೮೮ರಲ್ಲಿ, ಏಳನೇ ಕ್ಲಾಸಿನ ನಡುವೆ. ಬಿಡಿಸಿದರು ಅಂತ ಯಾರ ಮೇಲೂ ಹಾಕುವುದಿಲ್ಲ, ನಾನೇ ಬಿಟ್ಟೆ. ಅಪ್ಪ ಕಡೂರಿನ ಸುತ್ತಮುತ್ತ ಕೊಬ್ಬರಿಗೆ ಕಾಯಿ ಸುಲಿಯುತ್ತಿದ್ದ. ಮಾರನೆಯ ದಿನವೇ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ನನ್ನನ್ನು ನಿಲ್ಲಿಸಿದ. ಆರು ತಿಂಗಳಿಗೆ ಅವನ ಸಮಕ್ಕೆ ಬಂದೆ, ಎರಡು ವರ್ಷಕ್ಕೆ ಅವನನ್ನು ಮೀರಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸುಲಿಯುವುದು ತೋಳಿನ ಕೆಲಸ, ತೋಳಿದ್ದವರೆಲ್ಲ ಮಾಡುತ್ತಾರೆ. ಅದಕ್ಕೂ ಮೊದಲಿನದು ಕಿವಿಯ ಕೆಲಸ. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಬತ್ತಬೇಕು, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಒಡೆಯದೆ ತಿಳಿಯಬೇಕೆಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಕುಳಕುಳ ಅನ್ನುತ್ತದೆ. ಉಂಡೆ ಬಿಟ್ಟುಕೊಂಡಿದ್ದರೆ ಲೊಟಲೊಟ. ಅವಸರಪಟ್ಟು ಇಳಿಸಿದರೆ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ಒಮ್ಮೆ ಸಿಪ್ಪೆ ಬಿಚ್ಚಿದ ಕಾಯನ್ನು ಮತ್ತೆ ಅಟ್ಟಕ್ಕೆ ಹಾಕಲು ಬರುವುದಿಲ್ಲ.

ಪಂಚನಹಳ್ಳಿಯಿಂದ ಅಜ್ಜಂಪುರದವರೆಗೆ, ಅಮೃತಾಪುರದ ಕಡೆ ಒಂದೆರಡು ಸೇರಿ, ಇಪ್ಪತ್ತಾರು ಮನೆಯವರು ನನ್ನನ್ನು ಕೇಳದೆ ಅಟ್ಟ ಇಳಿಸುತ್ತಿರಲಿಲ್ಲ. ಆ ಮಾತಿಗೆ ನಾನು ಕೂಲಿ ತೆಗೆದುಕೊಂಡವನಲ್ಲ. ಅದಕ್ಕೊಂದು ರೀತಿ ಇಟ್ಟುಕೊಂಡಿದ್ದೆ. ಸುಲಿಯುವ ದಿನ ಹರಕು ಬನಿಯನ್ನು, ಕೇಳುವ ದಿನ ಇಸ್ತ್ರಿ ಮಾಡಿದ ಬಿಳಿ ಶರ್ಟು. ಏಣಿ ಹತ್ತುವ ಮುಂಚೆ ಕಾಲು ತೊಳೆಯುತ್ತಿದ್ದೆ. ಬಾಗಿಲ ಹತ್ತಿರದ್ದೊಂದು, ನಡುವಿನದೊಂದು, ಬಿಸಿಲು ತಾಗದ ಮೂಲೆಯದೊಂದು, ಮೂರೇ ಕಾಯಿ. ಕಣ್ಣು ಮುಚ್ಚಿ ಬಲಗಿವಿಗೆ ಹಿಡಿಯುತ್ತಿದ್ದೆ. ಕೆಳಗೆ ಮನೆಮಂದಿ ಮಾತು ನಿಲ್ಲಿಸುತ್ತಿದ್ದರು. ಮಿಕ್ಸಿ ಓಡುತ್ತಿದ್ದರೆ ಅದನ್ನೂ ಆರಿಸುತ್ತಿದ್ದರು.

"ಏನಪ್ಪಾ, ಹೆಣ್ಣು ನೋಡಕ್ಕೆ ಬಂದಂಗೆ ಬಂದಿದ್ದೀಯಲ್ಲೋ!" ಎಂದು ಪಂಚನಹಳ್ಳಿಯ ಅಕ್ಕ ಪ್ರತಿ ವರ್ಷ ರೇಗಿಸುತ್ತಿದ್ದರು. ಒಡಹುಟ್ಟಿದವರಲ್ಲ, ಗಂಡ ತೀರಿದ ಮೇಲೆ ತೋಟ ತಾವೇ ನೋಡಿಕೊಂಡವರು.

"ನಿಮ್ ಕಾಯಿ ನನ್ನ ಒಪ್ತದೋ ಇಲ್ವೋ, ನೋಡ್ಬೇಕಲ್ಲಕ್ಕಾ," ಅನ್ನುತ್ತಿದ್ದೆ.

ಓದಿದವರಿಗೆ ಸಹಿ ಇರುತ್ತದೆ, ಸೀಲು ಇರುತ್ತದೆ. ನನ್ನದು ಅಂತ ಇದ್ದದ್ದು ಆ ಅರ್ಧ ನಿಮಿಷ. ದಿನಕ್ಕೆ ಸಾವಿರ ಕಾಯಿ ಸುಲಿದ ಮೈನೋವಿಗೆ ಏನಾದರೂ ಅರ್ಥ ಇದ್ದರೆ ಅದು ಅಲ್ಲಿತ್ತು.

ನಾಲ್ಕು ವರ್ಷದ ಹಿಂದೆ ಕಿವಿಯೊಳಗೆ ಗುಂಯ್ ಅನ್ನುವ ಸದ್ದು ಸೇರಿಕೊಂಡಿತು. ಎಲ್ಲೋ ಬೋರ್‌ವೆಲ್ ಮೋಟಾರು ಓಡುತ್ತಿದೆ ಅಂದುಕೊಂಡೆ. ಕರೆಂಟು ಹೋದ ಮೇಲೂ ಅದು ನಿಲ್ಲಲಿಲ್ಲ.

"ಕರೆದ್ರೆ ಓಗೊಡಾದೇ ಇಲ್ವಲ್ಲ, ಅಷ್ಟ್ ದೊಡ್ ಮನ್ಸ ಆಗ್ಬಿಟ್ರಾ?" ಎಂದಳು ಹೆಂಡತಿ.

"ಕರೆಯಂಗ್ ಕರೆದ್ರೆ ಓಗೊಡ್ತೀನಿ," ಅಂದೆ. ಅವಳಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಕಳೆದ ವರ್ಷ ಪಂಚನಹಳ್ಳಿಯ ಅಟ್ಟ ಹತ್ತಿದೆ. ಮೂರು ಕಾಯಿ ಅಲ್ಲಾಡಿಸಿದೆ. ಕಿವಿಗೆ ಏನೂ ಬೀಳಲಿಲ್ಲ. ಅಂಗೈಗೆ ಮಾತ್ರ ಒಳಗಿಂದ ಏನೋ ತಟ್ಟಿತು. ನೀರಿನ ಸದ್ದಿಲ್ಲ, ಅಂದ ಮೇಲೆ ತಟ್ಟಿದ್ದು ಉಂಡೆಯೇ ಅಂತ ತೀರ್ಮಾನ ಮಾಡಿದೆ. ಅಕ್ಕನನ್ನು ಮೇಲೆ ಕರೆದು ಕೇಳಿಸಬಹುದಿತ್ತು. ಆದರೆ ಕೆಳಗೆ ಎಲ್ಲರೂ ನನ್ನ ಮಾತಿಗೆ ಕಾಯುತ್ತಿದ್ದರು.

"ಇಳ್ಸಿ ಅಕ್ಕಾ," ಅಂದೆ.

ಎರಡು ದಿನ ಸುಲಿದೆ. ಕಾಯಿ ಕೈಗೆ ಭಾರ ಅನ್ನಿಸಿತು. ನನಗೆ ವಯಸ್ಸಾಯಿತು ಅಂದುಕೊಂಡೆ. ಮೂರನೆಯ ದಿನ ಹೆಂಗಸರು ಚಿಪ್ಪು ಒಡೆಯಲು ಕೂತರು. ಮೊದಲನೆಯ ಕಾಯಿಯಿಂದ ನೀರು ಸೋರಿತು. ಎರಡನೆಯದರಿಂದಲೂ.

"ಅಯ್ಯೋ, ಇದು ಚಟ್ನಿಗೂ ಆಗಲ್ಲ, ಕೊಬ್ರಿಗೂ ಆಗಲ್ಲ ಕಣಕ್ಕಾ," ಅಂದು ಒಬ್ಬಳು ನಕ್ಕಳು.

ನಾನು ತಲೆಯೆತ್ತದೆ, "ಈ ವರ್ಷ ಥಂಡಿ ಜಾಸ್ತಿ. ಕಾಯಿದೇ ತಪ್ಪು," ಅಂದೆ.

ಅಕ್ಕ ನನ್ನ ಮುಖ ನೋಡಿದರು. "ಇರ್ಬೋದು ಬಿಡು," ಅಂದರು. ವರ್ಷವಿಡೀ ಕಾದಿಟ್ಟ ಫಸಲು ಅಂಗಳದಲ್ಲಿ ಹುಳಿವಾಸನೆ ಬೀರುತ್ತ ಬಿದ್ದಿತ್ತು. ಯಾರಾದರೂ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಯಾರೂ ಬೈಯಲಿಲ್ಲ.

ಸುದ್ದಿ ಕೇಳಿದ ಹೆಂಡತಿ ನನ್ನನ್ನು ತರೀಕೆರೆಯ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಗಾಜಿನ ಗೂಡಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಬೇಕಂತೆ. ಗಾಜಿನಾಚೆ ಕೂತಿದ್ದ ಹುಡುಗಿಯ ಭುಜ ಅಲುಗಿದಾಗಲೆಲ್ಲ ಒತ್ತಿದೆ. ಸ್ವಲ್ಪ ಹೊತ್ತಿಗೆ ಅವಳು ಒಳಗೆ ಬಂದು ಹೆಡ್‌ಫೋನ್ ತೆಗೆದು ಜೋರಾಗಿ ಹೇಳಿದಳು:

"ಅಂಕಲ್, ನಾನಿನ್ನೂ ಸೌಂಡೇ ಕೊಟ್ಟಿಲ್ಲ!"

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ನಗುವಿಗೋ ಅಳುವಿಗೋ ನಾನು ಕೇಳಲಿಲ್ಲ.

ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ಕಿವಿಗೆ ಮೆಷೀನು ಸಿಕ್ಕಿಸಿಕೊಂಡು ನೋಡಿದೆ. ಬಸ್ಸು, ನಾಯಿ, ತಟ್ಟೆ ಎಲ್ಲ ಒಟ್ಟಿಗೆ ಕಿರುಚಿದವು. ಕಾಯಿ ಹಿಡಿದರೆ ಸಿಪ್ಪೆ ಮೆಷೀನಿಗೆ ಉಜ್ಜಿದ ಸದ್ದೇ ದೊಡ್ಡದು, ಒಳಗಿನದು ಸತ್ತುಹೋಯಿತು.

ಮುಂದಿನ ವಾರ ಬಸ್ಸು ಹತ್ತಿ ಪಂಚನಹಳ್ಳಿಗೆ ಹೋದೆ. ಅಕ್ಕ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು.

"ಅವತ್ತು ಕಾಯಿದು ತಪ್ಪಲ್ಲಕ್ಕಾ. ನಂಗೆ ಕಿವಿ ಕೇಳ್ಸಲ್ಲ," ಅಂದೆ. ಇಷ್ಟು ಹೇಳಲು ಬಸ್ಸಿನಲ್ಲಿ ಉದ್ದಕ್ಕೂ ಅಭ್ಯಾಸ ಮಾಡಿದ್ದೆ.

ಅವರು ಮೊರ ಕೆಳಗಿಟ್ಟು, ಎದ್ದು ನನ್ನ ಎಡಕ್ಕೆ ಬಂದು ನಿಂತರು. "ಗೊತ್ತಿತ್ತು ಕಣೋ. ನೀನು ಏಣಿ ಹತ್ತೋವಾಗ ಮೂರ್ನೇ ಮೆಟ್ಲು ಬಿರುಕು ಬಿಟ್ಟದೆ ಅಂತ ಎಲ್ಡ್ ಸಲ ಕೂಗ್ದೆ. ಅದ್ರ ಮೇಲೇ ಕಾಲಿಟ್ಟೆ."

"ಮತ್ತೆ ನನ್ ಮಾತ್ ಕೇಳಿ ಯಾಕ್ ಇಳ್ಸಿದ್ರಿ?"

"ಇಪ್ಪತ್ತು ವರ್ಷ ಕೇಳಿದೀನಿ. ಅವತ್ತೊಂದಿನ ಎಲ್ರ ಮುಂದೆ ನಿನ್ ಮಾತು ಬ್ಯಾಡ ಅಂತ ಹೆಂಗ್ ಅನ್ಲೋ?"

ನನ್ನ ಮರ್ಯಾದೆ ಉಳಿಸಲು ಅವರು ಒಂದು ವರ್ಷದ ಬೆಳೆ ಕೊಟ್ಟಿದ್ದರು. ನಾನು ಅದನ್ನು ತೆಗೆದುಕೊಂಡು ತಪ್ಪನ್ನು ಥಂಡಿಯ ಮೇಲೆ ಹಾಕಿದ್ದೆ.

ಮಿಕ್ಕ ಮನೆಗಳಿಗೂ ನಾನೇ ಹೋಗಿ ಹೇಳಿದೆ, ಇನ್ನು ಮುಂದೆ ನೀವೇ ಕೇಳಿಕೊಳ್ಳಿ ಅಂತ. ಅಜ್ಜಂಪುರದಲ್ಲಿ ಒಬ್ಬ ಯಜಮಾನ, "ಈಗ್ ಹೇಳಕ್ ಬಂದ್ಯಾ? ಹೋದ್ ವರ್ಷ ನಮ್ಮದೂ ಅರ್ಧ ಅಂಟ್ಕೊಂಡಿತ್ತಲ್ಲ, ಅದ್ಯಾರ್ ತಪ್ಪು?" ಅಂದ. ಚಪ್ಪಲಿ ಮೆಟ್ಟಿ ಈಚೆ ಬಂದೆ. ಅಲ್ಲಿಯವರೆಗೆ ಉತ್ತರ ಕೊಡದೆ ನಾನು ಯಾವ ಮನೆಯಿಂದಲೂ ಬಂದವನಲ್ಲ.

ಈ ಸಲ ಪಂಚನಹಳ್ಳಿಯಲ್ಲಿ ಅಕ್ಕನೇ ಅಟ್ಟ ಹತ್ತಿ ಕೇಳಿದರು. ನಾನು ಕೆಳಗೆ ಉಳಿದವರ ಜೊತೆ ಸುಮ್ಮನೆ ನಿಂತಿದ್ದೆ. ಅವರು ತುಂಬಾ ಹೊತ್ತು ಕೇಳಿದರು, ಏಳೆಂಟು ಕಾಯಿ ತೆಗೆದರು, ಕೊನೆಗೆ ಕೈಸನ್ನೆಯಲ್ಲೇ ಇಳಿಸು ಅಂದರು. ಬನಿಯನ್ನು ಹಾಕಿಕೊಂಡು ಕೆಲಸಕ್ಕೆ ನಿಂತೆ. ಕೊಬ್ಬರಿ ಚೆನ್ನಾಗಿ ಬಂತು.

ಈಗ ನನಗಿರುವುದು ಇಷ್ಟು. ಕಬ್ಬಿಣದ ಮೊನೆ ಎರಡು. ಗಟ್ಟಿಯಿರುವ ತೋಳು ಎರಡು. ಅರ್ಧ ಕೇಳುವ ಕಿವಿ ಒಂದು. ಸುಲಿಯಲು ಕರೆಯುವ ಮನೆ ಒಂಬತ್ತು. ಇಳಿಸಲೋ ಬೇಡವೋ ಎಂದು ಕೇಳುವ ಮನೆ ಒಂದೂ ಇಲ್ಲ.