ಅವ್ವ ಇಟ್ಟ ಒಂದು ಹೆಜ್ಜೆ

ನಮ್ಮ ಮನೆಯ ಹುಡುಗಿ ಕಾಲೇಜು ಮೆಟ್ಟಿಲು ಹತ್ತೋದು ಎಂದಿಗೂ ಆಗದ ಮಾತು ಅಂದವನು ಬೇರೆ ಯಾರೂ ಅಲ್ಲ, ನಮ್ಮಪ್ಪ. ಆಗ ಕಗ್ಗದಾಸಪುರದಲ್ಲಿ ಎತ್ತ ತಿರುಗಿದರೂ ಹಸಿ ಸಿಮೆಂಟಿನ ವಾಸನೆ. ಯಾದಗಿರಿ ಕಡೆಯಿಂದ ಬಂದ ನಾವು ಸಾಲುಮನೆಯ ಒಂದೇ ಕೋಣೆಯಲ್ಲಿದ್ದೆವು. ಅಪ್ಪನಿಗೆ ಸೆಂಟ್ರಿಂಗ್ ಕೆಲಸ, ಅವ್ವ ಜೀವನ್ ಬಿಮಾ ನಗರದ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಒಂಬತ್ತನೇ ಕ್ಲಾಸು.

ಆ ವರ್ಷ ಸ್ಕೂಲಿಗೆ ಕುಕ್ ಟೌನಿನಿಂದ ಹೊಸ ಪಿ.ಟಿ. ಮಿಸ್ ಬಂದರು. ಖೋಖೋ ಮುಗಿದ ಮೇಲೆ ಹುಡುಗಿಯರನ್ನಷ್ಟೇ ನಿಲ್ಲಿಸಿಕೊಂಡು, ಯಾರಾದರೂ ಕೈ ಮಾಡಿದರೆ ಏನು ಮಾಡಬೇಕು ಅಂತ ಹೇಳಿಕೊಟ್ಟರು.

“ಓಡೋಕಾದ್ರೆ ಓಡ್ಬಿಡಿ. ಹಿಂದೆ ಗೋಡೆ ಇದ್ರೆ ಅವನ ಮೈ ಹತ್ರಕ್ಕೇ ಹೋಗಿ. ಅಂಗೈ ಹಣೆಗೆ, ಗದ್ದ ಕೆಳಕ್ಕೆ, ಮೊಣಕೈ ಮುಂದೆ. ಅವನು ಕೈ ಎತ್ತಿದ ತಕ್ಷಣ ನುಗ್ಗಿ, ಎದೆಗೆ ಕೆನ್ನೆ ಒತ್ತಿ, ಅವನ ಎರಡೂ ತೋಳು ಸೇರಿಸಿ ಬಿಗಿಯಾಗಿ ಅಪ್ಪಿಕೊಳ್ಳಿ. ಮೈಗೆ ಅಂಟಿದೋರನ್ನ ಬೀಸಿ ಹೊಡೆಯೋಕಾಗಲ್ಲ. ಅರ್ಧಕ್ಕೆ ಮಾತ್ರ ನಿಲ್ಬೇಡಿ, ಏಟು ಪೂರ್ತಿ ಬೀಳೋದು ಅಲ್ಲೇ.”

“ಮಿಸ್, ಇದು ಫೈಟಾ, ಲವ್ವಾ?” ಅಂದಳು ನನ್ನ ಜೋಡಿ ನಸ್ರೀನ್. ಮಿಸ್ಸೂ ನಕ್ಕರು.

ನನಗೆ ನಗು ಬರಲಿಲ್ಲ. ಅಪ್ಪ ಕೈ ಎತ್ತಿದಾಗ ಅವ್ವ ತಲೆ ಮೇಲೆ ಸೆರಗೆಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಗಂಡನಿಗೆ ಎದುರು ನಿಲ್ಲಬಾರದು ಅನ್ನೋದು ನಮ್ಮ ಕಡೆಯ ಮರ್ಯಾದೆ. ಆ ಎರಡು ಹೆಜ್ಜೆ ಅಪ್ಪನ ಕೈಯಳತೆಗೆ ಸರಿಯಾಗಿ ಸಿಗುತ್ತಿತ್ತು.

ಮರುದಿನ ಅವ್ವ ರೊಟ್ಟಿ ತಟ್ಟುವಾಗ ನಾನು ಅಪ್ಪನ ಥರ ಕೈ ಎತ್ತಿ ನಿಂತೆ. “ಹಿಂಗ ನುಗ್ಗವ್ವಾ, ಗಟ್ಟಿ ಹಿಡ್ಕೊ.”

ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. “ಮಂದಿ ಮುಂದ ಗಂಡನ್ನ ತಬ್ಕೋಬೇಕೇನು? ನಿಮ್ಮ ಮಿಸ್ಸಿಗಿ ಲಗ್ನ ಆಗ್ಯದೋ ಇಲ್ಲೋ?”

ಆದರೂ ನನ್ನ ಹಠಕ್ಕೆ ನಾಲ್ಕು ಸಲ ನುಗ್ಗಿದಳು. ಯೂನಿಫಾರಂ ತುಂಬ ಜೋಳದ ಹಿಟ್ಟು.

ಒಂದು ಭಾನುವಾರ ಸಂಜೆ ಅಪ್ಪ, “ಸಾಲಿ ಸಾಕು. ನಾಳಿಂದ ಇಕಿನ್ನೂ ಕೆಲಸಕ್ಕ ಕರ್ಕೊಂಡು ಹೋಗು” ಅಂದ.

“ಅಕಿ ಓದ್ತಾಳ,” ಅಂದಳು ಅವ್ವ.

ಅಪ್ಪ ಎದ್ದ. ಜಗಳದ ಸದ್ದಿಗೆ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. ಒಬ್ಬರೂ ಒಳಗೆ ಬರಲಿಲ್ಲ. ಅವ್ವ ಈ ಸಲ ಹಿಂದೆ ಸರಿಯಲಿಲ್ಲ. ನನ್ನ ಮುಖ ನೋಡಿ ಒಂದು ಹೆಜ್ಜೆ ಮುಂದಿಟ್ಟಳು. ಆಮೇಲೆ ಬಾಗಿಲ ಕಡೆ ನೋಡಿದಳು. ಅಷ್ಟು ಜನರೆದುರು ಗಂಡನನ್ನು ಅಪ್ಪಿಕೊಳ್ಳಲು ನಾಚಿ ಅಲ್ಲೇ ನಿಂತುಬಿಟ್ಟಳು. ಏಟು ಬಲಗಿವಿಗೆ ಬಿತ್ತು.

ನಾನಾದರೂ ನುಗ್ಗಬಹುದಿತ್ತು. ನನ್ನ ಅಂಗೈ ಹಣೆಗೆ ಹೋಗಿತ್ತು, ಗದ್ದ ಕೆಳಗಿತ್ತು, ಎಲ್ಲ ಮಿಸ್ ಹೇಳಿದ ಹಾಗೇ. ಕಾಲು ಮಾತ್ರ ಮುಂದೆ ಹೋಗಲಿಲ್ಲ.

ಅವ್ವ ಬಹಳ ದಿನ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡಳು. ಸ್ಕೂಲು ಬಿಡಿಸುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಸಬ್ಜೆಕ್ಟಿಗೆ ಮತ್ತೆ ಕೂತಾದರೂ ಬಿ.ಕಾಂ. ಪಾಸಾದೆ. ನಮ್ಮ ವಂಶಕ್ಕೇ ಮೊದಲನೇ ಡಿಗ್ರಿ, ಹೆಮ್ಮೆಯಿಂದಲೇ ಹೇಳುತ್ತೇನೆ.

ಸರ್ಟಿಫಿಕೇಟ್ ತಂದು ಅವ್ವನ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಅವಳಿಗೆ ಅಕ್ಷರ ಬಾರದು. ಪಕ್ಕದಲ್ಲಿ ಕೂತು ನನ್ನ ಹೆಸರಿನಿಂದ ಓದತೊಡಗಿದೆ.

“ಆ ಕಡಿ ಬ್ಯಾಡ,” ಅಂದಳು. “ಎಡಕ್ಕ ಬಂದು ಓದು. ಈ ಕಿವಿಗಿ ಏನೂ ಕೇಳ್ಸಂಗಿಲ್ಲ.”