ಸಾಹೇಬರ ಎರಡನೇ ತಂಬಿಗಿ

ಮೊನ್ನೆ ಪೋಸ್ಟ್‌ಮನ್ ಒಂದು ದಪ್ಪನ್ನ ಪಾರ್ಸಲ್ ಕೈಯಾಗಿಟ್ಟು, "ಸರ, ಇಂಗ್ಲೆಂಡಿಂದ ಬಂದೈತಿ. ಅಲ್ಲಿ ಯಾರದಾರ್ರೀ ನಿಮಗ?" ಅಂದ. "ಬೀಗರು" ಅಂದೆ. ಈ ವಯಸ್ಸಿನ್ಯಾಗೂ ನಾಕು ಮಂದಿ ಮುಂದ ಧಿಮಾಕು ಮಾಡೋ ಚಟ ಬಿಟ್ಟಿಲ್ಲ ನೋಡ್ರಿ ನನ್ನ.

ಬಿಚ್ಚಿದರ ಒಂದು ಆತ್ಮಕಥಿ ಪುಸ್ತಕ. ಹೊದಿಕಿ ಮ್ಯಾಲ ನಮ್ಮ ಹಳೇ ಸಾಹೇಬ್ರು, ಹಣ್ಣ ಮೆಣಸಿನಕಾಯಿಯಂಗ ಕೆಂಪಗಾಗಿ ನಗಾಕತ್ಯಾರ. ಇಡೀ ನೌಕರಿ ಅವರು ಬ್ಯಾರೆ ದೇಶದ ಬಡತನ ತೆಗೆಯೋದ್ರಾಗ ಕಳದ್ರು. ಅವರ ಸರ್ಕಾರ ಅದಕ್ಕಂತನ ಒಂದು ಇಲಾಖೆ ಇಟ್ಟಿತ್ತು. ಆಫ್ರಿಕಾದಾಗ ಮೆಕ್ಕೆಜೋಳ, ಬಂಗಾಲದ ಕಡೆ ಪ್ರವಾಹ, ಕಡೀಕ ನಮ್ಮ ಕೊಪ್ಪಳ ಸೀಮಿಯಾಗ ಕುಡಿಯೋ ನೀರು. "ಅಜ್ಜ ತಗೊಂಡು ಹೋದದ್ದನ್ನ ಮೊಮ್ಮಗ ವಾಪಸ್ ಕೊಡಾಕ ಬಂದಾನ" ಅಂತ ನಮ್ಮ ಹೆಡ್ ಮಾಸ್ತರು ನಗತಿದ್ರು. "ಸರ, ನಮ್ಮನ್ನ ಆಳಿದಾಂವ ನಿಜಾಮ ಅಲ್ಲೇನ್ರೀ?" ಅಂದ್ರ, "ಕೊಡಾಕ ಬಂದಾವ್ರಿಗೆ ಹಂಗೆಲ್ಲಾ ನೆನಪು ಮಾಡಿಕೊಡಬಾರದೋ!" ಅಂತಿದ್ರು.

ನಾನಾಗ ಕುಷ್ಟಗಿ ಕಡೆ ಒಂದು ಸಾಲ್ಯಾಗ ಇಂಗ್ಲಿಷ್ ಮಾಸ್ತರ. ನನ್ನ ಎರವಲು ತಗೊಂಡು ಸಾಹೇಬರ ದುಭಾಷಿ ಮಾಡಿದ್ರು. ಜೀಪು, ಕೊಳ್ಳಾಗ ಟೈ. ನಮ್ಮ ಮನಿಯಾಕಿ ನೋಡಿ, "ಸಂತಿಗೆ ಹೊಂಟ ಹೋರಿಯಂಗ ಕಾಣ್ತೀರಿ" ಅಂದ್ಲು. ಹೊಟ್ಟೆಕಿಚ್ಚು ಅಂದ್ಕೊಂಡೆ.

ಹುಲಿಹೈದರ ದಾಟಿದ ಮ್ಯಾಲ ಒಂದು ಹಳ್ಳಿ. ಅಲ್ಲಿ ಬೋರಿನ ನೀರು ಸೌಳು. ಬ್ಯಾಳಿ ಬೇಯತಿದ್ದಿಲ್ಲ, ಚಾ ಒಡೀತಿತ್ತು. ಸೀ ನೀರು ಬೇಕಂದ್ರ ಹೆಣ್ಣಮಕ್ಕಳು ಕೊಡ ಹೊತ್ತು ಮೂರು ಮೈಲಿ ನಡೀಬೇಕು. ಸಾಹೇಬ್ರು ನೋಡಿ ಹೂಂ ಅಂದ್ರ ಪೈಪು ಬರೋದಿತ್ತು. ಕೆಲಸ ಇಷ್ಟ: ಅವರು ಆ ನೀರು ಕುಡೀಬೇಕು, ಮುಖ ಕಿವುಚಬೇಕು, ಬರಕೋಬೇಕು.

ಕಟ್ಟಿ ಮ್ಯಾಲ ಕುರ್ಚಿ ಹಾಕಿ ಕುಂದರಿಸಿದ್ರು. ಮಲ್ಲವ್ವ ಅಂತ ಒಬ್ಬಾಕಿ, ಊರಾಗೆಲ್ಲಾ ಬಾಯಿ ಜೋರು, ಅವತ್ತು ಮಾತ್ರ ಸೆರಗು ತಲಿ ಮ್ಯಾಲ ಎಳಕೊಂಡು ಬೆಲ್ಲ, ತಂಬಿಗಿ ನೀರು ತಂದಿಟ್ಲು. ಸಾಹೇಬ್ರು ಗಟಗಟ ಕುಡುದ್ರು. "ಎಕ್ಸಲೆಂಟ್!" ಅಂದ್ರು. ಜೋಡಿ ಬಂದಿದ್ದ ಆಫೀಸರ್‌ಗಳೂ ಕುಡುದ್ರು.

ನಾ ಮಲ್ಲವ್ವನ ಹಂತೇಕ ಸರದೆ. "ಯವ್ವಾ, ಇದ್ಯಾವ ನೀರು?" ಅಂತ ಮೆಲ್ಲಕ ಕೇಳಿದೆ.

"ಸೀ ನೀರ್ರೀ ಮಾಸ್ತರ. ನಸಿಕಿನ್ಯಾಗ ಹೋಗಿ ತಂದೀನಿ."

"ಅಯ್ಯ, ನಿಮ್ಮ ಬೋರಿಂದು ಕೊಡಬೇಕಿತ್ತಲ್ಲವ್ವಾ!"

"ಸಮುದ್ರ ದಾಟಿ ನಮ್ಮ ಬಾಗಿಲಿಗೆ ಬಂದಾನ. ಆ ಸುಡುಗಾಡು ನೀರು ಕೊಡ್ಲೇನ್ರೀ? ನಮಗೇನು ಮಾನ ಮರ್ಯಾದಿ ಇಲ್ಲೇನು?"

ಅಷ್ಟರಾಗ ಸಾಹೇಬ್ರು ಇನ್ನೊಂದು ತಂಬಿಗಿ ಕೇಳಿದ್ರು. ಸೀ ನೀರು ತೀರಿತ್ತು. ಮಲ್ಲವ್ವ ಒಳಗ ಹೊರಗ ಓಡಾಡಿ, ಕಡೀಕ ಬೋರಿನ ನೀರ ತಂದಿಟ್ಲು. ಸಾಹೇಬ್ರು ಒಂದು ಗುಟುಕು ಕುಡುದು, ಮುಖ ಕಿವುಚಿ, ನನ್ನ ಕಡೆ ಹೊಳ್ಳಿದ್ರು. "ಇದ್ಯಾಕ ಉಪ್ಪು?"

ಎಂಥಾ ಛಲೋ ಗಳಿಗಿ ಅದು! ಆದ್ರ ಮಲ್ಲವ್ವ ತಲಿ ಬಗ್ಗಿಸಿ, ಭೂಮಿ ಬಾಯಿ ಬಿಟ್ರ ಇಳದು ಹೋಗಾಕಿಯಂಗ ನಿಂತಿದ್ಲು. ಊರೆಲ್ಲಾ ನನ್ನ ಮುಖ ನೋಡಾಕತ್ತಿತ್ತು. ನನ್ನ ಹಾಳ ಬಾಯಿ ಅಂದೇ ಬಿಡ್ತು: "ಸರ್, ಇದು ನಮ್ಮ ಕಡೆ ಪದ್ಧತಿ. ಬಿಸಿಲಾಗ ಬಂದವ್ರಿಗೆ ಮೊದಲ ಸೀ ನೀರು, ಆಮ್ಯಾಲ ಉಪ್ಪು ಹಾಕಿದ ನೀರು."

ಸಾಹೇಬ್ರು ಖುಷಿಯಾಗಿ ಅಷ್ಟೂ ಕುಡುದು, ಕೈ ಮುಗುದು, ಜೀಪು ಹತ್ತಿದ್ರು. ಪೈಪು ಮುಂದಿನ ಊರಿಗೆ ಹ್ವಾತು. ಇವರ ಊರಿಗೆ ನಳ ಬರಾಕ ಹನ್ನೊಂದು ವರ್ಷ ಹಿಡೀತು. ಅಷ್ಟೂ ವರ್ಷ ಮಲ್ಲವ್ವ ಕೊಡ ಹೊತ್ಲು. ನಾ ಆ ಹಾದಿಗೆ ಹೋಗಲಿಲ್ಲ.

ಈಗ ಪುಸ್ತಕ ತಗದ್ರ, ನಮ್ಮ ಸೀಮಿಗೆ ಅರ್ಧ ಪುಟ ಐತ್ರಿ. ಅದ್ರಾಗ ಕೊಪ್ಪಳದ ಎರಡು ತಂಬಿಗಿಯ ಚಂದದ ಪದ್ಧತಿ! ಹೇಳಿಕೊಟ್ಟ ದುಭಾಷಿಗೆ ಧನ್ಯವಾದ ಬ್ಯಾರೆ. ಮರುದಿನ ಪುಸ್ತಕ ಬಗಲಾಗಿಟ್ಕೊಂಡು ಬಸ್ ಹತ್ತಿದೆ.

ಕೊಡ ಹೊತ್ತು ಹೊತ್ತು ಮಲ್ಲವ್ವನ ಸೊಂಟ ಈಗ ಬಾಗೇತಿ. ಅವತ್ತು ಇಂಗ್ಲಿಷಿನ್ಯಾಗ ನಾ ಏನಂದಿದ್ದೆ ಅಂತ ಆಕಿಗೆ ಗೊತ್ತ ಇದ್ದಿಲ್ಲ. ಓದಿ ಹೇಳಿದೆ. "ತಪ್ಪಾತವ್ವಾ. ಭಾಳ ದೊಡ್ಡ ತಪ್ಪಾತು" ಅಂದೆ.

ಆಕಿ ಒಳಗ ಹೋಗಿ ನಳದ ನೀರು ತಂದಿಟ್ಲು. ಕುಡುದೆ. ಆಮ್ಯಾಲ ಕೋಲು ಊರಕೋತ ಹಳೇ ಬೋರಿನ ತನಕ ಹೋಗಿ, ಕಿರ್ ಕಿರ್ ಅಂತ ತಾನ ಹೊಡದು, ಎರಡನೇ ತಂಬಿಗಿ ತಂದು ನನ್ನ ಮುಂದ ಹಿಡಿದ್ಲು.

"ಪದ್ಧತಿ ಐತಲ್ರೀ ಮಾಸ್ತರ. ಕುಡೀರಿ."

ತಳದ ತನಕ ಕುಡುದೆ. ಗಂಟಲ ಸುಟ್ಟಂಗಾತು, ಕಣ್ಣಾಗ ನೀರು ಬಂತು. ಆಕಿ ಎದುರಿಗೆ ಕುಂತು ನೋಡಿದ್ಲು.

"ಈಗ ನಿಮ್ಮ ಸಾಹೇಬಗ ಒಂದು ಕಾಗದ ಬರೀರಿ. ನಾ ಹೇಳಿದಷ್ಟ ಬರೀರಿ, ಒಂದು ಅಕ್ಷರ ಹೆಚ್ಚು ಮಾಡಬ್ಯಾಡ್ರಿ."

ಪೆನ್ನು ತಗದೆ.

"ಎರಡನೇ ತಂಬಿಗಿ ನಮ್ಮೂರ ನೀರು. ಮೊದಲನೇದು ನನ್ನ ಸೊಂಟ."